ತೊಟ್ಟಿಯ ಮನೆಯಲ್ಲಿ ಸ್ವಯಂಪಾಕ

ಮಂಡ್ಯದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರು ಪ್ರಯಾಣ ಮಾಡಿದರೆ ಬಸರಾಳು ಸಿಕ್ಕುತ್ತದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯವನ್ನು ನೋಡಬಂದವರು ಸಾಮಾನ್ಯವಾಗಿ ಒಂದು ಗಂಟೆಯ ಕಾಲ ನಿಂತು, ಗೋಡೆಯ ಶಿಲ್ಪಗಳನ್ನು ಸುತ್ತಿ ನೋಡಿ, ಬಿಸಿಲೇರುವುದಕ್ಕೆ ಮುಂಚೆ ನಾಗಮಂಗಲಕ್ಕೋ ಮೇಲುಕೋಟೆಗೋ ಹೊರಟುಬಿಡುತ್ತಾರೆ. ನಾವೂ ಹಿಂದೆ ಎರಡು ಸಲ ಹಾಗೆಯೇ ಮಾಡಿದವರು. ಕಳೆದ ದಸರೆಯ ರಜೆಯಲ್ಲಿ ಮಾತ್ರ ಆ ಸೀಮೆಯ ಒಂದು ಹಳ್ಳಿಯಲ್ಲಿ, ಹಳೆಯ ಒಕ್ಕಲುಮನೆಯೊಂದನ್ನು ನಾಲ್ಕು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಅಡಿಗೆಯನ್ನು ನಾವೇ ಮಾಡಿಕೊಂಡು ಇದ್ದು ಬಂದೆವು. ಹಳ್ಳಿಯ ಹೆಸರನ್ನು ಇಲ್ಲಿ ಬರೆಯಕೂಡದೆಂದು ಮನೆಯವರು ಕೇಳಿಕೊಂಡಿದ್ದಾರೆ. ಕಾರಣ ಮುಂದೆ ತಿಳಿಯುತ್ತದೆ.

“ರಜೆಗೆಂದು ಹೋಗಿ ಅಲ್ಲಿಯೂ ಒಲೆಯ ಮುಂದೆ ಕುಳಿತುಕೊಳ್ಳುವುದೆಂದರೆ ಇದೆಂಥ ವಿಶ್ರಾಂತಿ?” ಎಂದು ನೆರೆಮನೆಯ ಗೆಳತಿಯೊಬ್ಬರು ನಕ್ಕರು. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಹೋಂ ಸ್ಟೇ ಎಂಬ ಹೆಸರಿನಲ್ಲಿ ಇಳಿದುಕೊಳ್ಳುವವರಿಗೆ ಮನೆಯೊಡತಿಯೇ ಬಡಿಸುತ್ತಾಳಷ್ಟೆ, ಅದು ಸುಖವಾದದ್ದೇ. ಆದರೆ ಬಾಡಿಗೆಯ ಬಿಡಾರದಲ್ಲಿ ತಾನೇ ಬೇಯಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಛತ್ರಗಳ ಕಾಲದಲ್ಲಿ ಪ್ರಯಾಣಿಕರು ಪಾತ್ರೆ ಪರಡಿಗಳನ್ನು ಗಾಡಿಯಲ್ಲಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಅಕ್ಕಿ, ಬೇಳೆ, ಸೌದೆಗಳನ್ನು ಪಡಿಯಾಗಿ ಪಡೆದು ಸ್ವಯಂಪಾಕ ಮಾಡಿಕೊಳ್ಳುತ್ತಿದ್ದರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರವು 1903ರಲ್ಲಿ ತೆರೆದಾಗ ಯಾತ್ರಿಕನೆಂದರೆ ಊಟವನ್ನು ಬೇಡುವವನಲ್ಲ, ಮುಖ್ಯವಾಗಿ ನೆರಳನ್ನು ಬೇಡುವವನು. ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಈ ಮಾತನ್ನು ಕೇಳುತ್ತಲೇ ಅವರು ಅಟ್ಟದಿಂದ ಹಿತ್ತಾಳೆಯ ಪಾತ್ರೆಯ ಗಂಟನ್ನು ಇಳಿಸಲು ಹೇಳಿದರು.

ಮನೆ ತೊಟ್ಟಿಯ ಮನೆ. ಹೊರಗೆ ಬಾಗಿಲಿನ ಎರಡು ಕಡೆಗೂ ಜಗುಲಿ. ನಡುವೆ ಎತ್ತರದವರು ತಲೆ ಬಗ್ಗಿಸಿಯೇ ಹೋಗಬೇಕಾದ ತಲೆಬಾಗಿಲು. ನಮ್ಮ ಮನೆಯವರು ಮೊದಲ ದಿನ ಎರಡು ಸಲ ಮರೆತರು, ಮೂರನೆಯ ಸಲ ಮರೆಯಲಿಲ್ಲ. ಒಳಹೊಕ್ಕೊಡನೆ ಎಡಕ್ಕೆ ದನ ಕಟ್ಟುತ್ತಿದ್ದ ಕೊಟ್ಟಿಗೆ. ಈ ಭಾಗದ ಒಕ್ಕಲುಮನೆಗಳಲ್ಲಿ ದನವೂ ಜನವೂ ಒಂದೇ ಬಾಗಿಲಿನಲ್ಲಿ ಓಡಾಡುತ್ತಿದ್ದುದುಂಟು. ಈಗ ಆ ಕೊಟ್ಟಿಗೆಯಲ್ಲಿ ಕೊಳಾಯಿ ಹಾಕಿಸಿ ಸ್ನಾನದ ಮನೆಯನ್ನೂ ಕಕ್ಕಸನ್ನೂ ಕಟ್ಟಿಸಿದ್ದಾರೆ; ಉಳಿದುದೆಲ್ಲ ಮೊದಲಿನಂತೆಯೇ ಇದೆ. ಅದರಾಚೆಗೆ ಆಕಾಶಕ್ಕೆ ತೆರೆದ ತೊಟ್ಟಿ. ಸುತ್ತಲೂ ಮರದ ಕಂಬಗಳ ಪಡಸಾಲೆ. ಪಡಸಾಲೆಗೆ ಸೇರಿದಂತೆ ಕೋಣೆಗಳು. ಒಂದು ಮೂಲೆಯಲ್ಲಿ ಅಡಿಗೆಮನೆ. ರಾಗಿಕಲ್ಲು, ಒರಳು, ಕಣಜ ಇವು ತಮ್ಮ ತಮ್ಮ ಜಾಗದಲ್ಲಿಯೇ ಕುಳಿತಿವೆ. ಅಂಗಳದಲ್ಲಿ ಹಿಂದೆ ರಾಗಿ ತುಂಬುತ್ತಿದ್ದ ಹಗೇವು ಇದ್ದಿತಂತೆ. ಮಕ್ಕಳು ಬಿದ್ದಾರೆಂದು ಅದನ್ನು ಮುಚ್ಚಿಸಿದ್ದಾರೆ.

ತೊಟ್ಟಿಯ ಗುಣವನ್ನು ಹೊತ್ತೇರಿದ ಮೇಲೆ ತಿಳಿಯಬೇಕು. ಬಿಸಿಯಾದ ಗಾಳಿಯು ತೊಟ್ಟಿಯ ಬಾಯಿಂದ ಮೇಲಕ್ಕೇರಿ ಹೋಗುತ್ತಿದ್ದಂತೆ ತಲೆಬಾಗಿಲಿನಿಂದಲೂ ಹಿತ್ತಿಲ ಬಾಗಿಲಿನಿಂದಲೂ ತಣ್ಣನೆಯ ಗಾಳಿ ಒಳಗೆ ಸುಳಿಯುತ್ತದೆ. ಒಂದೂವರೆ ಮೊಳದ ಮಣ್ಣಿನ ಗೋಡೆಯು ಹಗಲಿನ ಬಿಸಿಯನ್ನು ಒಳಗೆ ಬಿಡಲು ಸಂಜೆಯವರೆಗೂ ತಡಮಾಡುತ್ತದೆ. ಹಗಲಿನಲ್ಲಿ ಬೀಸಣಿಗೆಯ ನೆನಪೇ ನಮಗೆ ಬರಲಿಲ್ಲ. ಒಂದು ಕೋಣೆಯ ಗೋಡೆಗೆ ಮಾತ್ರ ಹಿಂದೆ ಯಾರೋ ಮೇಸ್ತ್ರಿ ಸಿಮೆಂಟು ಬಳಿದಿದ್ದನಂತೆ. ಮಣ್ಣಿನೊಳಗಿನ ತೇವವು ಹೊರಕ್ಕೆ ಹೋಗಲು ದಾರಿಯಿಲ್ಲದೆ ಆ ಬಳಿತವು ಪದರ ಪದರವಾಗಿ ಉದುರಿಬಿದ್ದಿದೆ. ಹಳೆಯ ಸುಣ್ಣದ ಗಾರೆ ಇರುವ ಗೋಡೆಗಳು ನೆಟ್ಟಗಿವೆ.

ಇನ್ನು ಬಾಡಿಗೆಯ ಕರಾರು. ಮನೆಯ ಯಜಮಾನರು ಹಿಂದುಗಡೆ ತಾರಸಿಯ ಹೊಸ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಹಣ, ಕೀಲಿಕೈ ಇವುಗಳ ಮಾತೆಲ್ಲ ಅವರದು. ಅನಿಲದ ಒಲೆಯನ್ನೂ ಅವರೇ ಒದಗಿಸಿದ್ದಾರೆ. ಆದರೆ ಅವರ ತಾಯಿ, ಎಂಬತ್ತು ದಾಟಿದ ಮುದುಕಿ, ಒಂದು ಕರಾರನ್ನು ತಾವೇ ಸೇರಿಸಿದ್ದಾರೆ: ದಿನಕ್ಕೆ ಒಂದು ಹೊತ್ತಾದರೂ ಸೌದೆಯ ಒಲೆಯನ್ನು ಹಚ್ಚತಕ್ಕದ್ದು. ನಾನು ಇದನ್ನು ಮೊದಲು ಮುದುಕರ ಹಟವೆಂದು ತಿಳಿದೆ.

“ಹೊಗೆ ಆಡದಿದ್ರೆ ತೊಲೆಗೆ ಹುಳ ಬೀಳ್ತವೆ ಕಣವ್ವ” ಎಂದರು ಆಕೆ.

ತಲೆಯೆತ್ತಿ ನೋಡಿದೆ. ಅಡಿಗೆಮನೆಯ ತೊಲೆ ಜಂತೆಗಳು ನೂರಾರು ವರ್ಷದ ಹೊಗೆ ಕುಡಿದು, ಎಣ್ಣೆ ಸವರಿದ ಹಾಗೆ ಕಪ್ಪಗೆ ಹೊಳೆಯುತ್ತಿದ್ದವು, ಒಂದರಲ್ಲಿಯೂ ತೂತಿಲ್ಲ. ಏಳೆಂಟು ವರ್ಷ ಬೀಗ ಹಾಕಿದ್ದ ಅತ್ತ ಕಡೆಯ ಕೋಣೆಯಲ್ಲಿ ಜಂತೆಯ ತುದಿಯನ್ನು ಬೆರಳಿನಿಂದ ಒತ್ತಿದರೆ ಹಿಟ್ಟು ಉದುರುತ್ತಿತ್ತು. ಹೊಗೆಯು ಮರವನ್ನು ಒಣಗಿಸಿಡುತ್ತದೆ, ಕೊರೆಯುವ ಹುಳುವನ್ನು ದೂರವಿಡುತ್ತದೆ. ದಿನವೂ ಜನ ಓಡಾಡುವ ಮನೆಯಲ್ಲಿ ಗೆದ್ದಲಿನ ಗೆರೆ ಕಂಡೊಡನೆ ಯಾರೋ ಒಬ್ಬರು ಪೊರಕೆಯಿಂದ ಒರಸುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಒರಸುವವರು ಯಾರು? ಮುದುಕಿಯ ಕರಾರಿನ ಅರ್ಥ ಆಗ ತಿಳಿಯಿತು. ಹಣ ಕೊಟ್ಟು ಬರುವ ಅತಿಥಿಗಳು ಆಕೆಗೆ ಬೇಕಾದುದು ಒಲೆ ಹಚ್ಚುವ ಕೈಗಳಾಗಿ.

ಆ ಕೆಲಸದಲ್ಲಿ ನನ್ನ ಕೈ ಎಷ್ಟು ಮೊಂಡೆಂಬುದು ಮೊದಲ ಸಂಜೆಯೇ ಬಯಲಾಯಿತು. ಕೋಡೊಲೆಗೆ ಸೌದೆಯನ್ನು ತುರುಕಿ, ತೆಂಗಿನ ಗರಿಯನ್ನಿಟ್ಟು ಬೆಂಕಿ ಹಚ್ಚಿದರೆ ಹೊಗೆಯೇ ಹೊರತು ಉರಿ ಕಾಣದು. ಊದುಕೊಳವೆಯಿಂದ ಊದಿ ಊದಿ ಕಣ್ಣಲ್ಲಿ ನೀರು ಸುರಿಯಿತು. ಅತ್ತೆಯವರು ಬಂದು ಅರ್ಧ ಸೌದೆಯನ್ನು ಹೊರಕ್ಕೆಳೆದು, ಒಂದು ಕರಟವನ್ನಿಟ್ಟು, ಉಳಿದ ಕೊಳ್ಳಿಗಳ ನಡುವೆ ಗಾಳಿಗೆ ಎಡೆ ಮಾಡಿದರು. ಒಲೆ ತಾನಾಗಿ ಹತ್ತಿತು. ಅವರು ಸೌದೆಯ ಒಲೆಯನ್ನು ಬಿಟ್ಟು ನಲವತ್ತು ವರ್ಷವಾಗಿತ್ತು.

ಮುದ್ದೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಇಲ್ಲಿಯವರು ಮುದ್ದೆಯನ್ನು ಹಿಟ್ಟೆಂದೇ ಕರೆಯುತ್ತಾರೆ. ಎಸರು ಕುದಿಯುವಾಗ ಮೊದಲು ಒಂದಿಷ್ಟು ಹಿಟ್ಟನ್ನು ಕದಡಿ ಹೊಯ್ದು, ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೆದಕದೆ ಬೇಯಬಿಡಬೇಕು. ನಾನು ಕೆದಕಿದೆ, ಗಂಟಾಯಿತು. ಎರಡನೆಯ ದಿನ ಯಜಮಾನರ ಹೆಂಡತಿ ಬಂದು, ಪಾತ್ರೆಯನ್ನು ಕೆಳಗಿಳಿಸಿ ಕವೆಗೋಲಿನಿಂದ ಒತ್ತಿ ಹಿಡಿದು, ಹಿಟ್ಟಿನ ಕೋಲನ್ನು ಎರಡು ಕೈಯಿಂದ ತಿರುವುವ ಬಗೆಯನ್ನು ತೋರಿಸಿಕೊಟ್ಟರು. ಮುದ್ದೆಗೆ ಮೊಳಕೆ ಹುರುಳಿಯ ಬಸ್ಸಾರು. ಮರುದಿನ ದಂಟಿನ ಸೊಪ್ಪಿನ ಉಪ್ಪುಸಾರು. ತರಕಾರಿ ತರಲು ಹೋದ ಮಕ್ಕಳು ಬೆಲ್ಲದ ಆಲೆಮನೆಯನ್ನು ಕಂಡುಹಿಡಿದು, ಮಧ್ಯಾಹ್ನದ ಊಟಕ್ಕೆ ಹಸಿವಿಲ್ಲದೆ ಬಂದರು. ಮಂಡ್ಯ ಸೀಮೆ ಎಂದರೆ ಕಬ್ಬೆಂದು ತಿಳಿದಿರುವವರು ರಾಗಿಯನ್ನು ಮರೆಯಬಾರದು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಬಂದ ಸಿರಿ ಕಬ್ಬಿನದು. ಅದಕ್ಕೆ ಮುಂಚೆ ಇಂಥ ಮನೆಗಳ ಕಣಜವನ್ನು ತುಂಬಿದುದು ರಾಗಿ. ಆಫ್ರಿಕದ ತಳಿಯೊಡನೆ ನಮ್ಮ ತಳಿಯನ್ನು ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿಗಳನ್ನು ರೂಪಿಸಿದುದೂ ಮಂಡ್ಯದ ಆ ನಾಲೆಯ ಹೆಸರಿನ ಕೃಷಿಕ್ಷೇತ್ರದಲ್ಲಿಯೇ.

ಮೂರನೆಯ ದಿನ ಮುಂಜಾನೆ ಬಸರಾಳಿಗೆ ಹೋದೆವು. ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಹರಿಹರನು ಕ್ರಿ. ಶ. 1234ರಲ್ಲಿ ಕಟ್ಟಿಸಿದನು. ಮೂರು ಗರ್ಭಗುಡಿಗಳಿದ್ದರೂ ಗೋಪುರವಿರುವುದು ನಡುವಿನದಕ್ಕೆ ಮಾತ್ರ. ಹದಿನಾರು ಕೈಗಳ ಶಿವನು ಅಂಧಕಾಸುರನ ತಲೆಯ ಮೇಲೆ ಕುಣಿಯುತ್ತಾನೆ, ರಾವಣನು ಕೈಲಾಸವನ್ನೆತ್ತುತ್ತಾನೆ, ಅರ್ಜುನನು ಮತ್ಸ್ಯಯಂತ್ರವನ್ನು ಹೊಡೆಯುತ್ತಿರುವಾಗಲೇ ದ್ರೌಪದಿಯು ಮಾಲೆ ಹಿಡಿದು ಧಾವಿಸಿ ಬರುತ್ತಾಳೆ. ಆಕೆಯ ಅವಸರವನ್ನು ನೋಡಿ ನನ್ನ ಮಗಳಿಗೆ ನಗು ತಡೆಯಲಿಲ್ಲ. ಹಿಂದಿನ ಎರಡು ಸಲವೂ ನಾನು ಈ ದ್ರೌಪದಿಯನ್ನು ಕಂಡೇ ಇರಲಿಲ್ಲ. ಮುಂದಿನ ಊರಿಗೆ ಓಡುವ ಆತುರ ನಮ್ಮದೂ ಆಗಿತ್ತು.

ಗುಡಿಗೆ ಸರ್ಕಾರದ ಸಂರಕ್ಷಣೆಯಿದೆ, ಅದರ ಮೈ ಕಲ್ಲಿನದು. ಅದನ್ನು ಕಟ್ಟಿದ ಕಾಲದ ಒಕ್ಕಲುಮನೆ ಒಂದಾದರೂ ಕಣ್ಣಿಗೆ ಬೀಳುವುದೇ? ಮಣ್ಣು, ಮರ, ಹೆಂಚುಗಳಿಂದಾದ ಮನೆಯ ಆಯುಷ್ಯವು ಪ್ರತಿವರ್ಷವೂ ಹೊಸದಾಗಿ ಸಂಪಾದಿಸಿಕೊಳ್ಳತಕ್ಕದ್ದು. ಮಳೆಗಾಲಕ್ಕೆ ಮುಂಚೆ ಹೆಂಚನ್ನು ಕೈಯಾಡಿಸಬೇಕು. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ ಆಗಬೇಕು. ಕುಂಬಾರರು ಮಾಡುತ್ತಿದ್ದ ನಾಡಹೆಂಚು ಈಗ ದುರ್ಲಭವಾಗಿರುವುದರಿಂದ ಈ ಮನೆಯ ಮುಂಭಾಗಕ್ಕೆ ಮಂಗಳೂರು ಹೆಂಚನ್ನು ಹೊದಿಸಿದ್ದಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಆ ಹೆಂಚು ಇಂದಿಗೆ ತಾನೇ ಹಳೆಯದಾಗಿದೆ.

ಆ ರಾತ್ರಿ ಚಿತ್ತೆಯ ಮಳೆ ಹಿಡಿಯಿತು. ನಾಲ್ಕು ಕಡೆಯ ಸೂರಿನಿಂದಲೂ ನೀರು ಪರದೆಯಾಗಿ ತೊಟ್ಟಿಗೆ ಇಳಿದು, ತೂಬಿನ ಮೂಲಕ ಹಿತ್ತಿಲಿಗೆ ಹರಿಯುವುದನ್ನು ಮಕ್ಕಳು ಪಡಸಾಲೆಯಲ್ಲಿ ಕುಳಿತು ನೋಡಿದರು, ದೀಪ ಹೋಗಿದ್ದಿತು. ನಡುರಾತ್ರಿ ಅತ್ತೆಯವರ ಹಾಸಿಗೆಯ ಮೇಲೆ ತೊಟ್ಟಿಕ್ಕಲಾರಂಭಿಸಿತು. ಕೋತಿಗಳು ಹೆಂಚನ್ನು ಸರಿಸಿದ್ದವಂತೆ. ಹಿತ್ತಾಳೆಯ ಪಾತ್ರೆಗಳೆಲ್ಲ ಸೋರುವ ಕಡೆಗೆ ಹೋದುವು. ಬೆಳಗಾಗುತ್ತಲೇ ಯಜಮಾನರು ಏಣಿ ಹಾಕಿ, ಒದ್ದೆ ಹೆಂಚಿನ ಮೇಲೆ ಬರಿಗಾಲಿನಲ್ಲಿ ಹತ್ತಿದರು. ಅವರ ವಯಸ್ಸು ಅರವತ್ತರ ಮೇಲೆ. ನಮ್ಮ ಮನೆಯವರು ಕೆಳಗಿನಿಂದ ಹೆಂಚು ಕೊಟ್ಟರು. ಬಾಡಿಗೆ ಕೊಟ್ಟು ಬಂದವರಿಂದ ಕೆಲಸ ಮಾಡಿಸಿಕೊಂಡೆವೆಂದು ಅವರು ಸಂಕೋಚಪಟ್ಟುಕೊಂಡಾಗಲೇ ಮನೆಯ ಕಥೆಯೂ ಹೊರಬಿದ್ದಿತು.

ಮನೆ ಮೂವರು ಅಣ್ಣತಮ್ಮಂದಿರಿಗೆ ಸೇರಿದ್ದು. ಇಬ್ಬರು ನಗರಗಳಲ್ಲಿದ್ದಾರೆ. ಹಳೆಯ ಕಂಬ, ಕೆತ್ತನೆಯ ಬಾಗಿಲುಗಳಿಗೆ ನಗರದಲ್ಲಿ ಒಳ್ಳೆಯ ಬೆಲೆಯುಂಟು. ವ್ಯಾಪಾರಿಯೊಬ್ಬನು ಬಂದು ಕಂಬಗಳ ಸುತ್ತಳತೆಯನ್ನು ಹಿಡಿದು ಬರೆದುಕೊಂಡೂ ಹೋಗಿದ್ದಾನೆ. ಹೀಗೆ ಮಾರಿ ಹಂಚಿಕೊಳ್ಳುವುದರಲ್ಲಿ ತಮ್ಮಂದಿರ ತಪ್ಪೇನೂ ಇಲ್ಲವೆಂದೇ ನನಗೆ ತೋರುತ್ತದೆ. ಸೋರುವ ಮನೆಗೆ ವರ್ಷ ವರ್ಷವೂ ಹಣ ಸುರಿಯಿರಿ ಎಂದು ದೂರದಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ ಯಾವ ಬಾಯಿಂದ ಹೇಳುವುದು? ಕೊನೆಗೆ ಮೂವರೂ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಬರುವ ಯುಗಾದಿಯವರೆಗೆ ಮನೆಯು ತನ್ನ ರಿಪೇರಿಯ ಖರ್ಚನ್ನು ತಾನೇ ದುಡಿದುಕೊಂಡರೆ ಉಳಿಯುವುದು, ಇಲ್ಲವಾದರೆ ಇಳಿಸುವುದು. ಪ್ರಚಾರವಾದರೆ ಗುಂಪುಗಳು ಬಂದು ಕುಡಿದು ಗಲಭೆ ಮಾಡುತ್ತವೆಂಬ ಭಯದಿಂದ ಪರಿಚಯದ ಸಂಸಾರಗಳಿಗೆ ಮಾತ್ರ ಕೊಡುತ್ತಾರೆ. ನಾಲ್ಕು ದಿನಕ್ಕೆ ನಾವು ಕೊಟ್ಟುದು 8,000 ರೂಪಾಯಿ. ವರ್ಷಕ್ಕೆ ಹತ್ತು ಸಂಸಾರ ಬಂದರೆ ಹೆಂಚಿಗೂ ಸುಣ್ಣಕ್ಕೂ ಆದೀತು ಎಂಬುದು ಯಜಮಾನರ ಲೆಕ್ಕ. ನಾವು ಆರನೆಯವರು.

ಇದು ಬರಿಯ ಹಳ್ಳಿಯ ಯಜಮಾನರ ಕನಸಲ್ಲ. ಬ್ರಿಟನ್ನಿನಲ್ಲಿ 1965ರಲ್ಲಿ ಹುಟ್ಟಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ದತ್ತಿಸಂಸ್ಥೆಯು ಬೀಳುವ ಹಂತದ ಹಳೆಯ ಕಟ್ಟಡಗಳನ್ನು ಕೈಗೆತ್ತಿಕೊಂಡು, ಸರಿಪಡಿಸಿ, ಅಡಿಗೆಮನೆಯ ಸಮೇತ ರಜೆಯವರಿಗೆ ಬಾಡಿಗೆಗೆ ಕೊಡುತ್ತದೆ. ಬಾಡಿಗೆಯ ಹಣವೇ ಕಟ್ಟಡದ ಪೋಷಣೆಗೆ. ಸುಮಾರು 200 ಕಟ್ಟಡಗಳು ಹೀಗೆ ಉಳಿದಿವೆ. ಅಲ್ಲಿ ಟೆಲಿವಿಷನ್ ಇಡುವುದಿಲ್ಲ. ಪ್ರತಿ ಮನೆಯಲ್ಲಿಯೂ ಬಂದವರು ತಮ್ಮ ಅನುಭವವನ್ನು ಬರೆದಿಡಲು ಒಂದು ಪುಸ್ತಕವಿರುತ್ತದೆ. ನಮ್ಮಲ್ಲಿ ಅಂಥ ಸಂಸ್ಥೆಯ ಬೆಂಬಲವಿಲ್ಲದೆ ಒಬ್ಬ ರೈತನೂ ಅವನ ತಾಯಿಯೂ ಅದನ್ನೇ ಮಾಡಹೊರಟಿದ್ದಾರೆ.

ಹೊಗೆಯ ಒಲೆಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಮ್ಮ ತಾಯಂದಿರ ಕೆಮ್ಮಿಗೂ ಕಣ್ಣುರಿಗೂ ಕಾರಣ ಅದೇ. ನಿತ್ಯಜೀವನಕ್ಕೆ ಅನಿಲದ ಒಲೆ ಬಂದುದು ಹೆಂಗಸರ ಪುಣ್ಯ. ನಾಲ್ಕು ದಿನ ಒಂದೊಂದು ಹೊತ್ತು ಹಚ್ಚುವುದು ಬೇರೆ ಮಾತು. ಹೋಗುವವರು ಅಡಿಗೆಮನೆಯ ಗವಾಕ್ಷಿಯನ್ನು ತೆರೆದಿಟ್ಟುಕೊಳ್ಳಲಿ. ಸೊಳ್ಳೆಯ ಪರದೆ, ಕೈದೀಪ, ವೃದ್ಧರಿಗೆ ಕುಳಿತುಕೊಳ್ಳಲು ಒಂದು ಎತ್ತರದ ಮಣೆ ಇವನ್ನು ಒಯ್ಯಲಿ. ರಾಗಿಹಿಟ್ಟು, ಸೊಪ್ಪು, ಬೆಲ್ಲಗಳನ್ನು ನಗರದಿಂದ ಕಟ್ಟಿಕೊಂಡು ಹೋಗುವುದು ಬೇಡ.

ಹೊರಡುವ ಬೆಳಗ್ಗೆ ಅತ್ತೆಯವರು ಒಲೆಯ ಬೂದಿಯನ್ನು ತೆಗೆದು, ಸಾರಿಸಿ, ಎರಡೆಳೆ ರಂಗೋಲೆ ಹಾಕಿದರು. ಮನೆಯ ಮುದುಕಿ ಜಗುಲಿಯ ಮೇಲೆ ಕುಳಿತಿದ್ದರು. ಕುಂಕುಮ ಕೊಟ್ಟು, “ಸಂಕ್ರಾಂತಿಗೆ ಅವರೇಕಾಯಿ ಬತ್ತವೆ, ಬನ್ನಿ” ಎಂದರು. ಯುಗಾದಿಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಊರಿಗೆ ಬಂದ ವಾರದಲ್ಲಿಯೇ ಸಂಕ್ರಾಂತಿಗೆ ಮೂರು ದಿನದ ಮುಂಗಡವನ್ನು ಕಳುಹಿಸಿದ್ದೇವೆ. ಅಟ್ಟಕ್ಕೇರಬೇಕಾಗಿದ್ದ ಹಿತ್ತಾಳೆಯ ಪಾತ್ರೆಗಳು ಕೆಳಗೇ ಇವೆ.