ಕೀಟಕ್ಕಿಲ್ಲದ ಗಡಿ ಮಾಹಿತಿಗೇಕೆ?

2018ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಅದೇ ವರ್ಷ ಸೊಲ್ಲಾಪುರ ಜಿಲ್ಲೆಯ ಕಬ್ಬಿನಲ್ಲೂ ಕಾಣಿಸಿಕೊಂಡಿತು. ಇದರ ಪತಂಗವು ಒಂದೇ ರಾತ್ರಿಯಲ್ಲಿ ಸುಮಾರು 100 ಕಿ.ಮೀ. ಹಾರಬಲ್ಲದು, ರಾಜ್ಯಗಳ ಗಡಿ ಅದಕ್ಕೆ ತಡೆಯಲ್ಲ.

ಇಂತಹ ಪಿಡುಗನ್ನು ಎದುರಿಸಲು ಹೊಲಹೊಲದ ಮಾಹಿತಿ ಒಂದೆಡೆ ಸೇರಬೇಕು. ಮಹಾರಾಷ್ಟ್ರವು 2009ರಲ್ಲಿ ಆರಂಭಿಸಿದ ‘ಕ್ರಾಪ್‌ಸ್ಯಾಪ್’ ಯೋಜನೆಯಲ್ಲಿ ಆಯ್ದ ಹೊಲಗಳ ಕೀಟಗಳನ್ನು ಎಣಿಸಿ ಗಣಕಯಂತ್ರಕ್ಕೆ ದಾಖಲಿಸುತ್ತಾರೆ. ಸಂಖ್ಯೆಯು ಆರ್ಥಿಕ ನಷ್ಟದ ಮಟ್ಟವನ್ನು ಮುಟ್ಟಿದರೆ ಆ ಭಾಗದ ರೈತರಿಗೆ ಸಲಹೆ ರವಾನೆಯಾಗುತ್ತದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯು, ರೈತರು ಮೊಬೈಲಿನಲ್ಲಿ ಕಳುಹಿಸುವ ಚಿತ್ರದಿಂದಲೇ ಕೀಟವನ್ನು ಗುರುತಿಸಲು ನೆರವಾಗುತ್ತದೆ.

ಆದರೆ ಸಲಹೆಯನ್ನು ಓದಿ ತಿಳಿಯಲಾಗದಿದ್ದರೆ ಈ ಶ್ರಮವೆಲ್ಲ ಹೊಲದ ಬದುವಿನಲ್ಲೇ ನಿಂತುಬಿಡುತ್ತದೆ. ಔಷಧದ ಪ್ರಮಾಣ, ಸಿಂಪಡಿಸುವ ಸಮಯ ತಪ್ಪಿದರೆ ಬೆಳೆಯೂ ಹೋಗುತ್ತದೆ, ಹಣವೂ ಹೋಗುತ್ತದೆ. ಆದ್ದರಿಂದ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ರೈತರಿಗೆ ಈ ಸಲಹೆಗಳು ಕನ್ನಡದಲ್ಲಿಯೂ ದೊರೆಯಬೇಕು. ನೆರೆಯ ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ಕಂಡ ಕೀಟದ ವಿವರವನ್ನು ಎರಡೂ ರಾಜ್ಯಗಳ ಕೃಷಿ ಇಲಾಖೆಗಳು ಕೂಡಲೇ ಹಂಚಿಕೊಳ್ಳಬೇಕು. ಗ್ರಾಮಸಭೆಗಳಲ್ಲಿ ನಾವು ಈ ಎರಡು ಬೇಡಿಕೆಗಳನ್ನು ಲಿಖಿತವಾಗಿ ಮಂಡಿಸೋಣ.