ಬಚ್ಚಲ ಒಲೆ ಕೊಳ್ಳುವಾಗ ಕಿಲೊವಾಟಿನ ಲೆಕ್ಕ

ಅಡಿಗೆಗೆ ಅನಿಲ ಬಂದು ಎಷ್ಟೋ ವರ್ಷಗಳಾದರೂ ಮಲೆನಾಡಿನ ಅನೇಕ ಮನೆಗಳಲ್ಲಿ ಬಚ್ಚಲಿನ ಹಂಡೆಯ ಕೆಳಗೆ ಉರಿಯುವುದು ಇಂದಿಗೂ ಸೌದೆಯೇ. ಬಿಸಿಲಿನಿಂದ ನೀರು ಕಾಯಿಸುವ ಸಾಧನವಿದ್ದ ಮನೆಯಲ್ಲೂ ಆಷಾಢದ ಜಡಿಮಳೆಯಲ್ಲಿ ಒಲೆ ಹಚ್ಚಲೇಬೇಕಾಗುತ್ತದೆ. ಅಡಿಗೆ ಒಲೆಯ ಬಗ್ಗೆ ನಾವು ತೋರುವಷ್ಟು ಕಾಳಜಿಯನ್ನು ಬಚ್ಚಲ ಒಲೆಯ ಬಗ್ಗೆ ತೋರುವುದಿಲ್ಲ. ಆದರೆ ದಿನಕ್ಕೆ ನೂರು ಲೀಟರು ನೀರು ಕಾಯಿಸುವ ಒಲೆ ಒಂದು ಮನೆಯ ಸೌದೆಯಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ.

ಈಗ ಪೇಟೆಯಲ್ಲಿ ಎರಕದ ಕಬ್ಬಿಣದ ಹಾಗೂ ಉಕ್ಕಿನ ಹಂಡೆ ಒಲೆಗಳು, ನಡುವೆ ಹೊಗೆ ಕೊಳವೆಯಿರುವ ಬಾಯ್ಲರುಗಳು ದೊರೆಯುತ್ತವೆ. ಕೆಲವುದರ ಮೇಲೆ ಇಂತಿಷ್ಟು ಕಿಲೊವಾಟ್ ಎಂದು ಬರೆದಿರುತ್ತದೆ. ಹೆಚ್ಚು ಸಂಖ್ಯೆಯ ಒಲೆಯೇ ಒಳ್ಳೆಯದೆಂದು ಕೊಂಡು ತರುವವರಿದ್ದಾರೆ. ಆ ಸಂಖ್ಯೆ ಏನನ್ನು ಹೇಳುತ್ತದೆ ಎಂಬುದನ್ನು ತಿಳಿಯದೆ ಎರಡು ಒಲೆಗಳನ್ನು ಹೋಲಿಸುವುದು ಸೇರನ್ನೂ ಮೊಳವನ್ನೂ ಹೋಲಿಸಿದಂತೆ.

ಮೊದಲು ನಮ್ಮ ಅಗತ್ಯ ಎಷ್ಟು?

ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ಚಳಿಗಾಲದ ಬೆಳಿಗ್ಗೆ ಬಾವಿಯ ನೀರು 20 ಡಿಗ್ರಿ ಇದೆಯೆಂದಿಟ್ಟುಕೊಳ್ಳಿ. 100 ಲೀಟರಿನ ಹಂಡೆಯನ್ನು 60 ಡಿಗ್ರಿಗೆ ಕಾಯಿಸಿದರೆ ಏರಿದ್ದು 40 ಡಿಗ್ರಿ. ಬೇಕಾದ ಶಾಖ 4,000 ಕಿಲೊಕ್ಯಾಲೊರಿ. ಈ ನೀರಿಗೆ ತಣ್ಣೀರು ಬೆರೆಸಿ 42 ಡಿಗ್ರಿಗೆ ಇಳಿಸಿದಾಗ ಸುಮಾರು 180 ಲೀಟರು ಹದವಾದ ನೀರಾಗುತ್ತದೆ. ಏಳು ಮಂದಿಯ ಸ್ನಾನಕ್ಕೆ ಇದು ಸಾಕು.

ಒಂದು ಕಿಲೊವಾಟ್ ಎಂದರೆ ಗಂಟೆಗೆ 860 ಕಿಲೊಕ್ಯಾಲೊರಿ. ಆದ್ದರಿಂದ 4,000ವನ್ನು 860ರಿಂದ ಭಾಗಿಸಿದರೆ 4.65 ಬರುತ್ತದೆ. ಅಂದರೆ ಒಂದು ಗಂಟೆಯಲ್ಲಿ ಹಂಡೆ ಕಾಯಬೇಕಾದರೆ ನೀರಿಗೆ ಐದು ಕಿಲೊವಾಟಿಗಿಂತ ಸ್ವಲ್ಪ ಕಡಿಮೆ ಶಾಖ ಸೇರಬೇಕು. ಎರಡು ಗಂಟೆ ಕಾಯುವ ತಾಳ್ಮೆಯಿದ್ದರೆ ಅದರ ಅರ್ಧ ಸಾಕು. ಏಳು ಮಂದಿಯ ಮನೆಗೆ ಇದಕ್ಕಿಂತ ಬಹಳ ದೊಡ್ಡ ಒಲೆ ಬೇಕೆಂದು ಯಾರಾದರೂ ಹೇಳಿದರೆ ಕಾರಣ ಕೇಳುವುದು ಒಳ್ಳೆಯದು.

ಉರಿಯ ಕಿಲೊವಾಟೋ, ನೀರಿನ ಕಿಲೊವಾಟೋ?

ತೊಡಕು ಇರುವುದು ಇಲ್ಲಿ. ಒಲೆಯ ಮೇಲೆ ಬರೆದ ಸಂಖ್ಯೆ ಉರಿಯಲ್ಲಿ ಹುಟ್ಟುವ ಶಾಖವನ್ನು ಹೇಳಬಹುದು, ಇಲ್ಲವೇ ನೀರಿಗೆ ಸೇರುವ ಶಾಖವನ್ನು ಹೇಳಬಹುದು. ಇವೆರಡರ ನಡುವಿನ ಅಂತರ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ, ಒಲೆಯ ಗೋಡೆಯನ್ನು ಕಾಯಿಸುತ್ತದೆ, ಅರೆಬೆಂದ ಅನಿಲವಾಗಿ ಬಚ್ಚಲಲ್ಲಿ ಕಣ್ಣು ಉರಿಸುತ್ತದೆ. ಹುಟ್ಟಿದ ಶಾಖದಲ್ಲಿ ನೀರಿಗೆ ಸೇರಿದ ಪಾಲೇ ಒಲೆಯ ದಕ್ಷತೆ.

ಎರಡು ಒಲೆಗಳ ಉದಾಹರಣೆ ತೆಗೆದುಕೊಳ್ಳೋಣ. ಒಂದರ ಮೇಲೆ 12 ಕಿಲೊವಾಟ್ ಎಂದಿದೆ. ಅದು ಉರಿಯ ಲೆಕ್ಕ, ದಕ್ಷತೆ ಶೇಕಡಾ 20. ಇನ್ನೊಂದರ ಮೇಲೆ 5 ಕಿಲೊವಾಟ್ ಎಂದಿದೆ; ಅದು ನೀರಿನ ಲೆಕ್ಕ, ದಕ್ಷತೆ ಶೇಕಡಾ 40. ಒಣಗಿದ ಸೌದೆ ಕಿಲೊಗೆ 3,500 ಕಿಲೊಕ್ಯಾಲೊರಿ ಕೊಡುತ್ತದೆಂದು ಹಿಡಿದರೆ, ಮೊದಲನೆಯ ಒಲೆಯಲ್ಲಿ ನಮ್ಮ ಹಂಡೆ ಕಾಯಲು ಎರಡು ಗಂಟೆಗೆ ನಾಲ್ಕೇ ನಿಮಿಷ ಕಡಿಮೆ. ಸುಡುವ ಸೌದೆ 5.7 ಕಿಲೊ. ಎರಡನೆಯದರಲ್ಲಿ 56 ನಿಮಿಷ, ಸೌದೆ 2.9 ಕಿಲೊ. ಸಣ್ಣ ಸಂಖ್ಯೆಯ ಒಲೆಯೇ ಬೇಗ ಕಾಯಿಸಿತು, ಅರ್ಧ ಸೌದೆಯನ್ನೂ ಉಳಿಸಿತು! ವರ್ಷದಲ್ಲಿ 300 ದಿನ ಉರಿಸಿದರೆ ಉಳಿತಾಯ ಸುಮಾರು 850 ಕಿಲೊ. ಅಷ್ಟು ಸೌದೆಯನ್ನು ಕಡಿದು, ಸೀಳಿ, ಹೊತ್ತು ತಂದು, ಕೊಟ್ಟಿಗೆಯಲ್ಲಿ ಪೇರಿಸುವವರಿಗೆ ಈ ಸಂಖ್ಯೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಅಂಗಡಿಯಲ್ಲಿ ಮೂರು ವಿಷಯ ಕೇಳಬೇಕು: ಈ ಕಿಲೊವಾಟ್ ಯಾವುದರ ಲೆಕ್ಕ, ಗಂಟೆಗೆ ಎಷ್ಟು ಕಿಲೊ ಸೌದೆ ಸುಡುತ್ತದೆ, ದಕ್ಷತೆ ಎಷ್ಟು. ಇವುಗಳಲ್ಲಿ ಎರಡು ತಿಳಿದರೆ ಮೂರನೆಯದನ್ನು ನಾವೇ ಲೆಕ್ಕ ಹಾಕಿಕೊಳ್ಳಬಹುದು. ಗಂಟೆಗೆ ಸುಡುವ ಸೌದೆಯನ್ನು 3,500ರಿಂದ ಗುಣಿಸಿ 860ರಿಂದ ಭಾಗಿಸಿದರೆ ಉರಿಯ ಕಿಲೊವಾಟ್. ಅದನ್ನು ದಕ್ಷತೆಯಿಂದ ಗುಣಿಸಿದರೆ ನೀರಿನ ಕಿಲೊವಾಟ್. ವಿದೇಶೀ ಮಾದರಿಯ ಒಲೆಗಳಲ್ಲಿ ಗಂಟೆಗೆ ಇಷ್ಟು ಬಿ.ಟಿ.ಯು. ಎಂದು ಬರೆದಿರುವುದುಂಟು, 3,412ರಿಂದ ಭಾಗಿಸಿ ಕಿಲೊವಾಟಿಗೆ ತಂದುಕೊಳ್ಳಿರಿ.

ಭಾರತೀಯ ಮಾನಕ ಸಂಸ್ಥೆ 2013ರಲ್ಲಿ ಪರಿಷ್ಕರಿಸಿದ ಐ.ಎಸ್. 13152 ಮಾನಕದ ಪ್ರಕಾರ, ಎತ್ತಿ ಇಡಬಹುದಾದ ಸೌದೆ ಒಲೆಯ ದಕ್ಷತೆ ಸಹಜ ಗಾಳಿಯಲ್ಲಿ ಉರಿಯುವುದಾದರೆ ಶೇಕಡಾ 25ಕ್ಕೂ, ಫ್ಯಾನಿನಿಂದ ಗಾಳಿ ಊದುವುದಾದರೆ ಶೇಕಡಾ 35ಕ್ಕೂ ಕಡಿಮೆಯಿರಬಾರದು. ಇದು ಅಡಿಗೆ ಒಲೆಗೆ ಹೇಳಿದ ಮಾತು, ಹಂಡೆಗಲ್ಲ. ಆದರೂ ಹೋಲಿಕೆಗೆ ಒಂದು ಆಧಾರವಾಗುತ್ತದೆ.

ದಕ್ಷತೆ ಹೆಚ್ಚುವುದು ಹೇಗೆಂಬುದನ್ನು ನಮ್ಮ ನಾಡಿನಲ್ಲೇ ತೋರಿಸಿಕೊಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಲ್ಲಿ ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಬೇಕಾದಷ್ಟೇ ಗಾಳಿ ಒಳಹೋಗುತ್ತದೆ, ಬಿಸಿ ಹೊಗೆ ಪಾತ್ರೆಗಳನ್ನು ತಾಕಿಕೊಂಡು ಚಿಮಣಿ ಸೇರುತ್ತದೆ. ಬಚ್ಚಲ ಒಲೆಯಲ್ಲೂ ನೋಡಬೇಕಾದದ್ದು ಇದನ್ನೇ. ಜಾಲರಿ ಇದೆಯೇ, ಸೌದೆ ಬಾಯಿಗೆ ಮುಚ್ಚಳವಿದೆಯೇ, ಹೊಗೆ ನೇರವಾಗಿ ಮೇಲೆ ಹಾರದೆ ಹಂಡೆಯ ಸುತ್ತ ಹಾಯುತ್ತದೆಯೇ ಎಂದು ಪರೀಕ್ಷಿಸಿರಿ.

ಸೌದೆ ಒಣಗಿದೆಯೇ?

ಒಲೆಯನ್ನು ಪರೀಕ್ಷಿಸುವವರು ಒಣಸೌದೆಯನ್ನೇ ಬಳಸುತ್ತಾರೆ. ಆಗಷ್ಟೇ ಕಡಿದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿಮಾಡಿ ಹೊರಗಟ್ಟಲು ಕಿಲೊಗೆ 600 ಕಿಲೊಕ್ಯಾಲೊರಿಗೂ ಹೆಚ್ಚು ಶಾಖ ವ್ಯರ್ಥವಾಗುತ್ತದೆ. ಹಾಗಾಗಿ ಹಸಿಸೌದೆಯಿಂದ ಕಿಲೊಗೆ ದೊರೆಯುವುದು 1,900 ಕಿಲೊಕ್ಯಾಲೊರಿಯ ಆಸುಪಾಸು ಮಾತ್ರ. ಮೇಲಿನ 5 ಕಿಲೊವಾಟಿನ ಒಲೆಗೆ ಅಷ್ಟೇ ತೂಕದ ಹಸಿಸೌದೆ ಹಾಕಿದರೆ ಅದು 2.7 ಕಿಲೊವಾಟಿನ ಒಲೆಯಾಗುತ್ತದೆ. ಉರಿ ಮಂದವಾಗಿ ಹೊಗೆಯಾಡುವುದರಿಂದ ನಿಜದಲ್ಲಿ ಅಷ್ಟೂ ಸಿಗುವುದಿಲ್ಲ.

ಮತ್ತಿ, ಸರ್ವೆ, ನೀಲಗಿರಿ, ಜಾಲಿ ಎಂದು ಜಾತಿಯ ಮೇಲೆ ವಾದ ಮಾಡುವುದುಂಟು. ಸಮನಾಗಿ ಒಣಗಿದ್ದರೆ ತೂಕಕ್ಕೆ ಸಿಗುವ ಶಾಖದಲ್ಲಿ ಇವುಗಳ ವ್ಯತ್ಯಾಸ ಅಲ್ಪ. ಗಟ್ಟಿ ಮರ ಕಡಿಮೆ ಜಾಗದಲ್ಲಿ ಹೆಚ್ಚು ತೂಗುತ್ತದೆ, ನಿಧಾನ ಉರಿಯುತ್ತದೆ, ಅಷ್ಟೆ. ತೇವ ತಿಳಿಯಲು 1,000 ಗ್ರಾಂ ಸೀಳನ್ನು ಒಲೆಯ ಮೇಲಣ ಅಟ್ಟದಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಆಗಾಗ ತೂಗಿರಿ. 800 ಗ್ರಾಮಿಗೆ ನಿಂತರೆ ತೇವಾಂಶ ಸುಮಾರು ಶೇಕಡಾ 20. ಇಂಥ ಸೌದೆ ಉರಿಸಲು ಯೋಗ್ಯ.

ಗರಿಷ್ಠ ಸಂಖ್ಯೆಯ ಮೋಸ

ನೀಲಗಿರಿ, ಕೊಡಗಿನ ಹಳೆಯ ಬಂಗಲೆಗಳಲ್ಲಿ ಗೋಡೆಯೊಳಗಿನ ಅಗ್ಗಿಷ್ಟಿಕೆಯನ್ನು ಕಂಡಿರಬಹುದು. ತೆರೆದ ಅಗ್ಗಿಷ್ಟಿಕೆಯ ಶಾಖದ ಬಹುಭಾಗ ಚಿಮಣಿಯಲ್ಲಿ ಹೊರಟುಹೋಗುತ್ತದೆ. ಶೀತದೇಶಗಳಲ್ಲಿ ಇದಕ್ಕೆ ಪರಿಹಾರವಾಗಿ ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆಯನ್ನು ಅದರೊಳಗೆ ಕೂರಿಸುತ್ತಾರೆ. ಅಲ್ಲಿಯೂ ಇದೇ ಗೊಂದಲ. 10 ಕಿಲೊವಾಟ್ ಎಂದು ಬರೆದ ಪೆಟ್ಟಿಗೆಯಲ್ಲಿ 8 ಕಿಲೊ ಸೌದೆ ತುಂಬಿ ಆರು ಗಂಟೆ ಉರಿಸಿದರೆ, ದಕ್ಷತೆ ಶೇಕಡಾ 75 ಇದ್ದರೂ ಕೋಣೆಗೆ ಸಿಗುವ ಸರಾಸರಿ 4 ಕಿಲೊವಾಟ್ ಮಾತ್ರ. ಹತ್ತು ಎಂಬುದು ಉರಿ ಉಚ್ಛ್ರಾಯದಲ್ಲಿದ್ದ ಹೊತ್ತಿನ ಸಂಖ್ಯೆ. ನಮ್ಮ ಹಂಡೆ ಒಲೆಗೂ ಸರಾಸರಿಯನ್ನೇ ಕೇಳಬೇಕು.

ಅಗತ್ಯಕ್ಕಿಂತ ದೊಡ್ಡ ಒಲೆ ತಂದು ಗಾಳಿಬಾಯಿ ಮುಚ್ಚಿ ಸಣ್ಣಗೆ ಉರಿಸುವುದೂ ಸರಿಯಲ್ಲ. ಗಾಳಿ ಸಾಲದೆ ಹೊಗೆ ಹೆಚ್ಚುತ್ತದೆ, ಚಿಮಣಿಯೊಳಗೆ ಡಾಂಬರಿನಂಥ ಜಿಡ್ಡು ಕಟ್ಟುತ್ತದೆ. ಈ ಜಿಡ್ಡಿಗೆ ಬೆಂಕಿ ತಗುಲಿದರೆ ಮಾಡಿನ ಪಕಾಸಿಗೇ ಅಪಾಯ.

ಮನೆಯಲ್ಲೇ ಅಳೆಯುವ ಕ್ರಮ

ಬೇಕಾದದ್ದು ತಕ್ಕಡಿ, ಉಷ್ಣತಾಮಾಪಕ, ಗಡಿಯಾರ. ಹಂಡೆಗೆ 100 ಲೀಟರು ನೀರನ್ನು ಅಳೆದು ತುಂಬಿ ಉಷ್ಣತೆ ಗುರುತಿಸಿಕೊಳ್ಳಿರಿ. ಒಣಸೌದೆಯನ್ನು ತೂಗಿಟ್ಟು ಒಲೆ ಹಚ್ಚಿ, ಹಂಡೆಗೆ ಮುಚ್ಚಳ ಹಾಕಿರಿ. ನೀರು ಕುದಿಯಲು ಬಿಡಬಾರದು. ಆವಿಯಾಗುವ ಒಂದೊಂದು ಲೀಟರೂ ಸುಮಾರು 540 ಕಿಲೊಕ್ಯಾಲೊರಿ ಒಯ್ಯುವುದರಿಂದ ಲೆಕ್ಕ ತಪ್ಪುತ್ತದೆ. ಕೊನೆಯಲ್ಲಿ ನೀರನ್ನು ಕಲಕಿ ಮತ್ತೆ ಉಷ್ಣತೆ ನೋಡಿರಿ. ಉಳಿದ ಸೌದೆಯನ್ನು ತೂಗಿ ಕಳೆಯಿರಿ. ಕೆಂಡವನ್ನು ಮುಚ್ಚಿ ಆರಿಸಿ ಆ ಇದ್ದಿಲನ್ನೂ ತೂಗಿ, ಒಂದು ಕಿಲೊ ಇದ್ದಿಲಿಗೆ ಎರಡು ಕಿಲೊ ಸೌದೆಯಂತೆ ಕಳೆಯತಕ್ಕದ್ದು.

ನೀರು 50 ನಿಮಿಷದಲ್ಲಿ 22ರಿಂದ 52 ಡಿಗ್ರಿಗೆ ಏರಿ, 4 ಕಿಲೊ ಸೌದೆ ಖರ್ಚಾಯಿತೆನ್ನೋಣ. ನೀರಿಗೆ ಸೇರಿದ್ದು 3,000 ಕಿಲೊಕ್ಯಾಲೊರಿ, ಸೌದೆಯಲ್ಲಿದ್ದದ್ದು 14,000. ದಕ್ಷತೆ ಶೇಕಡಾ 21, ನೀರಿನ ಕಿಲೊವಾಟ್ 4.2. ತಾಮ್ರದ ಹಂಡೆಯೇ ಕುಡಿಯುವ ಶಾಖವನ್ನು ಬಿಟ್ಟುಬಿಡಬಹುದು. ಹತ್ತು ಕಿಲೊ ತಾಮ್ರ ಒಂದು ಲೀಟರು ನೀರಿನಷ್ಟೂ ಶಾಖ ಹಿಡಿಯುವುದಿಲ್ಲ. ಈ ಪರೀಕ್ಷೆಯನ್ನು ಹಳೆಯ ಒಲೆಗೆ ಮೊದಲು ಮಾಡಿ ಬರೆದಿಟ್ಟುಕೊಳ್ಳಿರಿ. ಹೊಸ ಒಲೆ ಕೊಂಡ ನೆರೆಯವರಲ್ಲಿ ಅದೇ ಸೌದೆ ಒಯ್ದು ಮತ್ತೊಮ್ಮೆ ಮಾಡಿದರೆ ಅಂಗಡಿಯವರ ಪಟ್ಟಿಗಿಂತ ನಂಬಲರ್ಹವಾದ ಹೋಲಿಕೆ ಕೈಗೆ ಸಿಗುತ್ತದೆ.

ಅದೇ ಒಲೆಯಲ್ಲಿ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಉದ್ದೇಶವಿದ್ದರೆ ಮೇಲಿನ ಲೆಕ್ಕ ಸಾಲದು. ಅಲ್ಲಿ ನೀರು ಗಂಟೆಗಟ್ಟಲೆ ಕುದಿಯುತ್ತಿರಬೇಕು, ಆವಿಯ ಶಾಖವೇ ಹೆಚ್ಚು. ಅದಕ್ಕೆ ಬೇರೆ ದೊಡ್ಡ ಒಲೆಯನ್ನೇ ಇಟ್ಟುಕೊಳ್ಳುವುದು ಲೇಸು.