ಜೋಳದ ಚಿಗುರಿನಲ್ಲಿ ಅಡಗಿದ ವಿಷ

ಸಸ್ಯಗಳಿಗೆ ಓಡಿಹೋಗಲು ಕಾಲುಗಳಿಲ್ಲ, ಇರಿಯಲು ಕೊಂಬುಗಳಿಲ್ಲ. ಆದರೂ ತಮ್ಮನ್ನು ತಿನ್ನಬರುವ ಹುಳುಗಳನ್ನೂ ಪ್ರಾಣಿಗಳನ್ನೂ ದೂರವಿಡುವ ಉಪಾಯವು ಅವುಗಳಲ್ಲಿ ಹಲವಕ್ಕೆ ಉಂಟು. ಆ ಉಪಾಯವೇ ವಿಷ. ಬೆಳಕಿಗೆ ಬಿದ್ದು ಹಸಿರೇರಿದ ಆಲೂಗಡ್ಡೆಯ ಸಿಪ್ಪೆಯಲ್ಲಿಯೂ ಅದರ ಮೊಳಕೆಗಳಲ್ಲಿಯೂ ಸೊಲನೀನ್ ಎಂಬ ಕಹಿಯಾದ ವಿಷವಸ್ತುವು ಹೆಚ್ಚುವುದನ್ನು ವಿದ್ಯಾರ್ಥಿಗಳು ಕೇಳಿರಬಹುದು. ನಿಡಗುಂದಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳ ಎರೆಭೂಮಿಯಲ್ಲಿ ಬೆಳೆದು ನಮಗೆ ದಿನನಿತ್ಯದ ರೊಟ್ಟಿಯನ್ನು ಕೊಡುವ ಜೋಳದ ಗಿಡವೂ ಇಂಥ ಆಯುಧವನ್ನು ಧರಿಸಿದೆ. ಅದು ಸೊಲನೀನಿಗಿಂತ ಬಹು ತೀಕ್ಷ್ಣವಾದುದು.

ಎಳೆಯ ಜೋಳದ ಹೊಲಕ್ಕೆ ದನಗಳನ್ನು ಬಿಡಬಾರದೆಂಬುದು ರೈತರು ಅನುಭವದಿಂದ ಕಲಿತ ಪಾಠ. ಹಸಿದ ಎತ್ತು ಅಂಥ ಚಿಗುರನ್ನು ಹೊಟ್ಟೆತುಂಬ ಮೇಯ್ದರೆ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಡತೊಡಗುತ್ತದೆ. ಬಾಯಲ್ಲಿ ನೊರೆ ಬರುತ್ತದೆ, ಕಾಲುಗಳು ತತ್ತರಿಸುತ್ತವೆ, ಪ್ರಾಣಿಯು ನೆಲಕ್ಕುರುಳಿ ಒಂದು ಗಂಟೆಯೊಳಗೇ ಸಾಯಲೂಬಹುದು. ಒಂದು ಜೊತೆ ಎತ್ತುಗಳನ್ನೇ ನಂಬಿದ ಒಕ್ಕಲಿಗನಿಗೆ ಇದು ವರ್ಷದ ಬೇಸಾಯವೇ ಮುಳುಗಿದಂತೆ. ಹಾಗಾದರೆ ಅದೇ ಗಿಡದ ಕಾಳನ್ನು ತಿನ್ನುವ ನಮಗೇಕೆ ಏನೂ ಆಗುವುದಿಲ್ಲ?

ಇದರ ಮೂಲವನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಂಗ್ಲಿಷ್ ವಿಜ್ಞಾನಿಗಳು ಬೆಳಕಿಗೆ ತಂದರು. ಎಳೆಯ ಜೋಳದಿಂದ ಅವರು ಬೇರ್ಪಡಿಸಿದ ವಸ್ತುವಿಗೆ, ಜೋಳದ ಅರಬ್ಬೀ ಹೆಸರನ್ನು ಅನುಸರಿಸಿ, ಧುರಿನ್ ಎಂದು ಹೆಸರಿಟ್ಟರು. ಆಲೂಗಡ್ಡೆಯ ಸೊಲನೀನ್ ಸಿದ್ಧವಾದ ವಿಷ. ಧುರಿನ್ ಹಾಗಲ್ಲ, ಅದು ಬೀಗ ಹಾಕಿಟ್ಟ ವಿಷ. ಅದರ ಅಣುವಿನಲ್ಲಿ ಸಯನೈಡ್ ಭಾಗವು ಗ್ಲೂಕೋಸ್ ಸಕ್ಕರೆಯೊಡನೆ ಬಂಧಿತವಾಗಿರುತ್ತದೆ. ಎಲೆಯ ಕೆಲವು ಜೀವಕೋಶಗಳಲ್ಲಿ ಧುರಿನ್ ಇದ್ದರೆ, ಆ ಬೀಗವನ್ನು ತೆರೆಯಬಲ್ಲ ಕಿಣ್ವವು ಬೇರೆ ಕೋಶಗಳಲ್ಲಿರುತ್ತದೆ. ಎಲೆಯು ಅಖಂಡವಾಗಿರುವವರೆಗೆ ಎರಡೂ ಕೂಡುವುದಿಲ್ಲ. ದನವು ಎಲೆಯನ್ನು ಅಗಿದೊಡನೆ ಗೋಡೆಗಳು ಒಡೆದು ಅವೆರಡೂ ಬೆರೆಯುತ್ತವೆ. ಹೈಡ್ರೋಸಯನಿಕ್ ಆಮ್ಲವು ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೂ ಈ ಕೆಲಸಕ್ಕೆ ನೆರವಾಗುವುದರಿಂದ ದನಗಳಿಗೆ ಅಪಾಯವು ಹೆಚ್ಚು.

ಈ ಆಮ್ಲವು ಜೀವಿಯನ್ನು ಕೊಲ್ಲುವ ಬಗೆ ವಿಚಿತ್ರವಾದುದು. ಶ್ವಾಸಕೋಶವು ಗಾಳಿಯನ್ನು ಸೆಳೆಯುತ್ತದೆ. ರಕ್ತವು ಆಮ್ಲಜನಕವನ್ನು ಹೊತ್ತು ತರುತ್ತದೆ. ಆದರೆ ಆ ಆಮ್ಲಜನಕವನ್ನು ಉಪಯೋಗಿಸಿಕೊಳ್ಳುವ ಕಿಣ್ವದಲ್ಲಿರುವ ಕಬ್ಬಿಣಕ್ಕೆ ಸಯನೈಡ್ ಅಂಟಿಕೊಂಡು ಅದನ್ನು ಸ್ತಬ್ಧಗೊಳಿಸುತ್ತದೆ. ನೀರಿನ ನಡುವೆ ನಿಂತೂ ಬಾಯಾರಿದವನಂತೆ, ಜೀವಕೋಶಗಳು ಆಮ್ಲಜನಕದ ನಡುವೆಯೇ ಉಸಿರುಗಟ್ಟುತ್ತವೆ. ಬಳಕೆಯಾಗದ ಆಮ್ಲಜನಕವು ಉಳಿಯುವುದರಿಂದಲೇ ಇಂಥ ಪ್ರಾಣಿಯ ರಕ್ತವು ಕಡುಗೆಂಪಾಗಿ ಹೊಳೆಯುತ್ತದೆ.

ಪ್ರಮಾಣವನ್ನು ಲೆಕ್ಕ ಹಾಕಿ ನೋಡೋಣ. ದನದ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಆಮ್ಲವು ಪ್ರಾಣಾಂತಕ. 300 ಕಿಲೋ ತೂಗುವ ಎತ್ತಿಗೆ 600 ಮಿಲಿಗ್ರಾಂ, ಎಂದರೆ ಒಂದು ಗ್ರಾಮಿಗೂ ಕಡಿಮೆ. ಒಂದು ಕಿಲೋ ಹಸಿ ಚಿಗುರಿನಿಂದ 200 ಮಿಲಿಗ್ರಾಂ ಹೊರಡುವುದೆಂದು ಭಾವಿಸಿದರೆ, ಬೇಗಬೇಗನೆ ಮೇಯ್ದ ಮೂರೇ ಕಿಲೋ ಮೇವು ಸಾಕು.

ಧುರಿನ್ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೊಳಕೆಯಲ್ಲಿಯೂ ಎಳೆಯ ಗಿಡದಲ್ಲಿಯೂ ಅದು ಅತಿ ಹೆಚ್ಚು. ಗಿಡ ಬೆಳೆದಂತೆ ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟು ಬಾಡಿ ಕುಳ್ಳಾದ ಬೆಳೆ, ಕೊಯ್ಲಿನ ಬಳಿಕ ಕೂಳೆಯಿಂದ ಒಡೆದ ಚಿಗುರು, ಯೂರಿಯಾ ಹೆಚ್ಚಾಗಿ ಉಂಡ ಹೊಲ - ಇವೆಲ್ಲ ಅಪಾಯಕರ. ಬರಗಾಲದಲ್ಲಿ ಮೇವಿಲ್ಲದೆ ರೈತನು ಇಂಥ ಹೊಲದತ್ತಲೇ ನೋಡುವಂತಾಗುವುದು ವಿಪರ್ಯಾಸ. ಹೂ ಬಿಟ್ಟ ನಂತರ ಕೊಯ್ದ ಮೇವಿನಲ್ಲಿ ಭಯವು ಬಹಳ ಕಡಿಮೆ. ಬಲಿತ ಗಿಡ ಬಿಸಿಲಲ್ಲಿ ಚೆನ್ನಾಗಿ ಒಣಗಿ ಕಣಿಕೆಯಾಗುವಾಗ ವಿಷದ ಹೆಚ್ಚಿನ ಭಾಗ ಆವಿಯಾಗಿ ಹೋಗುತ್ತದೆ. ಬಲಿತು ಒಣಗಿದ ಕಾಳಿನಲ್ಲಿ ಧುರಿನ್ ಇಲ್ಲವೆನ್ನುವಷ್ಟು ಅಲ್ಪ. ಆದಕಾರಣ ನಮ್ಮ ರೊಟ್ಟಿಯು ನಿರಪಾಯಕರ. ಆದರೆ ಜೋಳವನ್ನು ಮೊಳೆಯಿಸಿ ಬಳಸುವವರು ಮೊಳಕೆಯನ್ನೂ ಬೇರನ್ನೂ ತೆಗೆದುಹಾಕಬೇಕು.

ವಿಷವೇರಿದ ದನಕ್ಕೆ ಪಶುವೈದ್ಯರು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್‌ಗಳನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಮೊದಲನೆಯದು ರಕ್ತದ ವರ್ಣವಸ್ತುವನ್ನು ಮಾರ್ಪಡಿಸಿ, ಸಯನೈಡನ್ನು ಕಿಣ್ವದಿಂದ ತನ್ನತ್ತ ಎಳೆಯುವಂತೆ ಮಾಡುತ್ತದೆ. ಎರಡನೆಯದು ಗಂಧಕವನ್ನೊದಗಿಸಿ, ಅದನ್ನು ಮೂತ್ರದಲ್ಲಿ ಹೊರಹೋಗುವ ಥಯೋಸಯನೇಟ್ ಆಗಿಸುತ್ತದೆ. ಆದರೆ ದೊರೆಯುವ ಕಾಲಾವಕಾಶವು ಕೆಲವೇ ನಿಮಿಷಗಳದು. ಆದುದರಿಂದ ಚಿಕಿತ್ಸೆಗಿಂತ ಎಚ್ಚರಿಕೆಯೇ ಮೇಲು. ಹಸಿದ ದನವನ್ನು ಎಳೆಯ ಜೋಳದ ಹೊಲಕ್ಕೂ ಕೂಳೆಯ ಹೊಲಕ್ಕೂ ಬಿಡದಿರುವುದೇ ಎಲ್ಲಕ್ಕಿಂತ ಸುಲಭವಾದ, ಖರ್ಚಿಲ್ಲದ ಔಷಧ. ಹಿರಿಯರು ಹೇಳುತ್ತ ಬಂದ ಈ ಮಾತಿನ ಕಾರಣವನ್ನು ರಸಾಯನಶಾಸ್ತ್ರವು ತಿಳಿಸಿಕೊಟ್ಟಿದೆ. ಓದಿದ ಮಕ್ಕಳು ಅದನ್ನು ಮನೆಯವರಿಗೆ ವಿವರಿಸಿದರೆ ಹಲವು ಕೊಟ್ಟಿಗೆಗಳು ಬರಿದಾಗುವುದು ತಪ್ಪೀತು.